ಒಂದು ಮೇಜಿನ ಮೇಷ್ಟ್ರು

ಡೆಸ್ಮಂಡ್ ಟ್ರಾಂಟರನ ದನಿ ಒಂದು ಮೇಜಿನ ಸುತ್ತಳತೆಯಷ್ಟು ದೂರ ಹೋಗುತ್ತಿತ್ತು, ಅದರಾಚೆಗಿಲ್ಲ. ಎಂಟು ಹತ್ತು ಮಂದಿ ಸುತ್ತ ಕುಳಿತರೆ ಅಷ್ಟೂ ಜನರ ಮನಸ್ಸಿಗಿಳಿಯುವಂತೆ ಮಾತಾಡುತ್ತಿದ್ದ ಈ ಮನುಷ್ಯ, ಇನ್ನೂರು ಜನರ ಸಭಾಂಗಣದಲ್ಲಿ ನಿಂತರೆ ಮೂರನೆಯ ಸಾಲಿನಾಚೆಗೆ ಬರೀ ತುಟಿಯಾಡಿಸುವ ಮೂಕ. ಮೈಕ್ ಕೊಟ್ಟರೆ ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಡುತ್ತಿದ್ದ. ದ್ವೀಪದೂರು ಹೋಬಾರ್ಟಿನ ವಿಶ್ವವಿದ್ಯಾಲಯದ ನಮ್ಮ ಇತಿಹಾಸ ವಿಭಾಗದಲ್ಲಿ ಅವನ ಪಕ್ಕದ ಕೋಣೆಯೇ ನನ್ನದು; ಗೋಡೆಯಾಚೆಯಿಂದ ಇಷ್ಟು ವರ್ಷ ನನಗೆ ಕೇಳಿದ್ದು ಅವನ ಕೆಮ್ಮು ಮಾತ್ರ, ಪಾಠವಲ್ಲ.

ಮೊಣಕೈ ಸವೆದ ಕಂದು ಕೋಟು, ಬಲಗಾಲನ್ನು ತುಸು ಎಳೆದು ಹಾಕುವ ನಡಿಗೆ, ಪ್ರತಿ ಮಾತಿಗೂ ಮುನ್ನ ಒಂದು ನಿಟ್ಟುಸಿರು. ಎಂ.ಎ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಕಾಯುವುದು ಅವನ ಹಟ. ಟಮ್ಸಿನ್ ಎಂಬ ಸಂಕೋಚದ ಹುಡುಗಿ ಮೊದಲ ವಾರ ಬಾಯಿ ಬಿಡದೆ ಕೂತಾಗ ಉಳಿದವರೆಲ್ಲ ಚಡಪಡಿಸಿದರಂತೆ. "ಅವಸರ ಏನಮ್ಮಾ? ತಪ್ಪಿಹೋಗೋಕೆ ಈ ದ್ವೀಪದಲ್ಲಿ ರೈಲೂ ಇಲ್ಲ" ಎಂದು ಇವನು ಚಹಾ ಹೀರುತ್ತಾ ಕೂತ. ಕಡೆಗೂ ಅವಳು ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು.

ಹಿಂದೆ ಹತ್ತು ಹನ್ನೆರಡು ಮಂದಿಯಿರುತ್ತಿದ್ದ ಆ ತರಗತಿ ವರ್ಷವರ್ಷಕ್ಕೆ ಕರಗಿತು. ಆರಕ್ಕಿಂತ ಕಡಿಮೆಯಾದರೆ ಮುಚ್ಚಬೇಕೆಂದು ಮೇಲಿನವರು ಕಟ್ಟಳೆ ಮಾಡಿದರು. ಮುಚ್ಚಿದರೆ ಡೆಸ್ (ವಿದ್ಯಾರ್ಥಿಗಳಿಗೂ ಅವನು ಬರೀ ಡೆಸ್) ಒಂದೋ ದೊಡ್ಡ ಸಭಾಂಗಣಕ್ಕೆ ಹೋಗಬೇಕು, ಇಲ್ಲವೇ ಮನೆಗೆ. ಆ ಮಾರ್ಚಿನಲ್ಲಿ ಸರಿಯಾಗಿ ಆರು ಮಂದಿಯಿದ್ದರು. ಸೋಮವಾರ ಎಣಿಕೆಯ ದಿನ. ಅಂದು ಎಷ್ಟು ಹೆಸರಿದ್ದವೋ ಅಷ್ಟೇ ತರಗತಿಯ ಲೆಕ್ಕ. ಅದಕ್ಕೆ ಮುಂಚೆ ಬಿಟ್ಟವರಿಗೆ ಶುಲ್ಕವಿಲ್ಲ, ಆಮೇಲೆ ಬಿಟ್ಟವರು ಪೂರ್ತಿ ತೆರಬೇಕು.

ಶುಕ್ರವಾರ ಮಧ್ಯಾಹ್ನ ನಾನು ಅವನೊಡನೆ ಹರಟುತ್ತಾ ಕೂತಿದ್ದಾಗ ಟಮ್ಸಿನ್ ಬಂದಳು. ಕಣ್ಣು ಊದಿತ್ತು.

"ಡೆಸ್, ನಮ್ಮೂರು ಬರ್ನೀಲಿ ಅಮ್ಮಂಗೆ ಲಕ್ವ ಹೊಡೆದಿದೆ. ನಾನು ಓದು ಬಿಡ್ಬೇಕು. ಇವತ್ತೇ ಆಫೀಸಲ್ಲಿ ಹೇಳ್ಬಿಡ್ಲಾ, ಮುಂದಿನ ವಾರ ಹೇಳಿದ್ರೂ ನಡೆಯುತ್ತಾ?"

ಅವನು 'ಮುಂದಿನ ವಾರ' ಎಂದಿದ್ದರೆ ಸಾಕಿತ್ತು, ತರಗತಿ ಉಳಿಯುತ್ತಿತ್ತು. ಡೆಸ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

"ಇವತ್ತೇ ಹೇಳು. ಸೋಮವಾರ ದಾಟಿದ್ರೆ ಫೀಸೆಲ್ಲ ನೀನೇ ಕಟ್ಬೇಕಾಗುತ್ತೆ. ನಡಿ, ನಾನೂ ಬರ್ತೀನಿ."

ಅವನು ಕಾಲೆಳೆಯುತ್ತಾ ಮರಳಿದಾಗ ನನಗೆ ತಡೆಯಲಾಗಲಿಲ್ಲ. "ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊಂಡ್ಯಲ್ಲೋ!"

"ಅವಳು ಕೇಳದೆ ಇದ್ದಿದ್ರೆ ಸುಮ್ನಿರ್ತಿದ್ನೋ ಏನೋ. ಕೇಳ್ಬಿಟ್ಳಲ್ಲ, ಮಾರಾಯಾ" ಎಂದು ಕುರ್ಚಿಯಲ್ಲಿ ಕುಸಿದ. "ನಂಗೂ ಸಾಕಾಗಿದೆ ಬಿಡು."

ಸೋಮವಾರ ತರಗತಿ ಮುಚ್ಚಿತು. ಉಳಿದ ಐವರನ್ನು ತೊಂಬತ್ತು ಜನರ ಇನ್ನೊಂದು ತರಗತಿಗೆ ಸೇರಿಸಿದರು. ಚಳಿಗಾಲ ಬರುವ ಹೊತ್ತಿಗೆ ಡೆಸ್ ನಿವೃತ್ತಿ ಬೇಡಿ ಪಡೆದ.

ಸಣ್ಣ ತರಗತಿಯ ಮೇಷ್ಟ್ರುಗಳ ಜಾತಿಯೇ ಹೀಗೆ. ಮೇಲಿನವರಿಗೆ ಬೇಕಾದದ್ದು ಆರನೆಯ ತಲೆ. ಇವರಿಗೆ ಕಾಣುವುದು ತಾಯಿಯ ಚಿಂತೆಯಲ್ಲಿ ನಿಂತ ಟಮ್ಸಿನ್. ಇಂಥವರು ಅಳಿದು ಹೋಗುತ್ತಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ: ಮುಖ ನೋಡಿ ಪಾಠ ಹೇಳಿದವರಿಗೆ, ತಮ್ಮ ಅನ್ನಕ್ಕೇ ಕುತ್ತು ಬಂದಾಗಲೂ, ತಲೆ ಎಣಿಸಲು ಬರುವುದಿಲ್ಲ.