ಒಂದಕ್ಷರ ಬಿಡದೆ

"ಇನ್ನೊಂದು ಸಲ ಗೋಡೆ ಹತ್ತಿದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ ಅಂದಿದ್ದೆ," ಎಂದು ಆ ತಾಯಿ ನಾಚಿಕೊಂಡು ನಕ್ಕಳು. "ನನ್ನ ಮಾತು ಯಾವತ್ತು ಕೇಳಿದಾಳೆ ಹೇಳಿ ಅಕ್ಕಾ. ಹತ್ತಿಯೇ ಹತ್ತಿದ್ಲು, ಬಿದ್ಲು."

ಮೇಜಿನಾಚೆ ಮಕ್ಕಳ ರಕ್ಷಣಾ ಇಲಾಖೆಯ ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದರು. ಅವರಿಗೆ ಈ ಭಾಷೆ ಬಾರದು, ತಾಯಿಗೆ ಅವರದು ಬಾರದು. ನಡುವೆ ದುಭಾಷಿ ಕೂತಿದ್ದಳು. ಕೈ ಮುರಿದಿದ್ದ ಎಂಟು ವರ್ಷದ ಮಗಳನ್ನು ಆಸ್ಪತ್ರೆಗೆ ಕರೆತಂದಾಗ ಅಲ್ಲಿನವರು ಇಲಾಖೆಗೆ ತಿಳಿಸಿದ್ದರು. ಹುಡುಗಿ ಇಲಾಖೆಯ ವಸತಿಗೃಹದಲ್ಲಿದ್ದು ಆರು ದಿನವಾಗಿತ್ತು. ಅವಳನ್ನು ಮನೆಗೆ ಕಳಿಸುವುದೋ ಬೇಡವೋ ಎಂದು ಇವತ್ತು ತೀರ್ಮಾನವಾಗಬೇಕಿತ್ತು.

ಹೇಳಿದ್ದನ್ನಷ್ಟೇ ಹೇಳಬೇಕು, ಏನನ್ನೂ ಸೇರಿಸಬಾರದು ಎನ್ನುವುದು ದುಭಾಷಿಯ ಕೆಲಸದ ನಿಯಮ. ಆದರೆ ಬರೀ ಮಾತು ಸಾಲದು ಎನಿಸಿದರೆ ಕೈಯೆತ್ತಿ, ವಿವರಿಸಲು ಅನುಮತಿ ಕೇಳಬಹುದು. ಹೋದ ವಾರ ಒಬ್ಬ ಡಾಕ್ಟರ ಹೆಂಡತಿಗಾಗಿ ಅವಳು ಎರಡು ಸಲ ಕೈಯೆತ್ತಿದ್ದಳು.

ಈ ತಾಯಿ ಕೆಲಸದ ಮನೆಯಿಂದ ನೇರ ಬಂದಿದ್ದಳು. ಮೈಯಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ಹೊರಗಿನ ಬೆಂಚಿನಲ್ಲಿ ಅವಳು ಫೋನಿನಲ್ಲಿ ಯಾರೊಂದಿಗೋ ಗಟ್ಟಿಯಾಗಿ ಮಾತಾಡುತ್ತಿದ್ದಾಗ ಅಧಿಕಾರಿ, "ನಿಮ್ಮ ಕಡೆಯವರೆಲ್ಲ ಹೀಗೇನಾ?" ಎಂದು ತಮಾಷೆಗೆ ಕೇಳಿದ್ದರು. "ಎಲ್ಲರೂ ಅಲ್ಲ," ಎಂದಿದ್ದಳು ದುಭಾಷಿ.

ಈಗ ಅವಳ ಕೈ ಮಡಿಲಲ್ಲೇ ಇತ್ತು. ಕಾಲು ಮುರಿಯುವುದನ್ನೂ, ಅದನ್ನು ಮಗುವಿನ ಕೈಗೆ ಕೊಡುವುದನ್ನೂ ಇದ್ದದ್ದು ಇದ್ದಂತೆ ಹೇಳಿದಳು.

ಪೆನ್ನು ನಿಂತಿತು. "ಇದನ್ನ ಹೇಳ್ತಾ ನಗ್ತಿದ್ರಲ್ಲ?"

ಆ ದಿನ ಬೆಳಿಗ್ಗೆಯೇ, ಒಂದು ಬೂಟು ಕಳೆದುಕೊಂಡಿದ್ದ ತನ್ನ ಮಗನಿಗೆ ದುಭಾಷಿ ಹಲ್ಲು ಉದುರಿಸ್ತೀನಿ ಎಂದಿದ್ದಳು. ಅವನು ಹಲ್ಲು ಕಿರಿದು ಓಡಿಹೋಗಿದ್ದ.

"ಹೌದು, ನಗ್ತಿದ್ರು," ಎಂದಳು.

ಅಧಿಕಾರಿ ಬಹಳ ಹೊತ್ತು ಬರೆದರು. ಮೂರು ವಾರ ಬಿಟ್ಟು ಮತ್ತೆ ವಿಚಾರಣೆ, ಅಲ್ಲಿಯವರೆಗೆ ಮಗು ವಸತಿಗೃಹದಲ್ಲೇ ಇರಲಿ ಎಂದರು. ಅದನ್ನೂ ದುಭಾಷಿಯೇ ಹೇಳಬೇಕಾಯಿತು.

"ಮೂರು ವಾರಾನಾ?" ತಾಯಿ ಇಬ್ಬರ ಮುಖವನ್ನೂ ನೋಡಿದಳು. "ನಾನು ಹೇಳಿದ್ದನ್ನ ಸರಿಯಾಗಿ ಹೇಳಿದ್ರಲ್ಲ ಅಕ್ಕಾ?"

"ಒಂದಕ್ಷರ ಬಿಡದೆ ಹೇಳಿದೆ."

"ಹಾಗಾದ್ರೆ ನಂಗೇ ಮಾತಾಡೋಕೆ ಬರಲ್ಲ ಬಿಡಿ. ನಮ್ಮಮ್ಮನೂ ಅದನ್ನೇ ಹೇಳ್ತಿದ್ಲು." ಚೀಲದಿಂದ ಒಂದು ಪುಟ್ಟ ಅಂಗಿ ತೆಗೆದು ಮೇಜಿನ ಮೇಲೆ ಹರವಿದಳು. ಪ್ಲಾಸ್ಟರ್ ಹಾಕಿದ ಕೈ ತೂರಲಿ ಎಂದು ಒಂದು ತೋಳಿನ ಹೊಲಿಗೆಯನ್ನು ಉದ್ದಕ್ಕೂ ಬಿಚ್ಚಿ, ಅಂಚು ಮಡಿಸಿ, ಐದು ಗುಂಡಿ ಹಚ್ಚಿದ್ದಳು. "ಇದನ್ನಾದ್ರೂ ಅವಳಿಗೆ ಕೊಡ್ತಾರಾ, ಕೇಳಿ."

"ಏನಂತೆ?" ಎಂದರು ಅಧಿಕಾರಿ.

ದುಭಾಷಿ ಆ ತೋಳನ್ನು ಹತ್ತಿರಕ್ಕೆಳೆದುಕೊಂಡು, ಬಿಚ್ಚಿದ್ದ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.