ಆಥಲ್‌ನ ಆರುನೂರನೇ ಹಕ್ಕಿ

ಮೂರು ವರ್ಷ ಒಂದು ಹನಿ ಕಾಣದ ಮರುಭೂಮಿಯಲ್ಲಿ ಆ ವರ್ಷ ಮಾರ್ಚಿನಲ್ಲಿ ಮಳೆ ಸುರಿಯಿತು. ರೇಡಿಯೋದಲ್ಲಿ ಸುದ್ದಿ ಬಂದು ಹತ್ತು ನಿಮಿಷವಾಗಿರಲಿಲ್ಲ, ಅಕ್ಕನ ಗಂಡ ಆಥಲ್ ಪ್ರಿಡ್ಮೋರ್ ನನಗೆ ಫೋನ್ ಮಾಡಿದ.

"ಮೆರ್ಲ್, ಜೂನ್‌ನಲ್ಲಿ ಏನ್ ಮಾಡ್ತಿದ್ದೀಯ?"

"ಹಲ್ಲು ಕೀಳಿಸ್ಕೋಬೇಕು."

"ಹಲ್ಲು ಎಲ್ಲಿಗೂ ಓಡಿಹೋಗಲ್ಲ. ಹಕ್ಕಿ ಓಡಿಹೋಗುತ್ತೆ. ನೀನು ಗಾಡಿ ಓಡಿಸ್ಬೇಕು."

ನಾನು ಹಾರ್ಶಮ್‌ನ ಸುತ್ತ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಎಂಥ ಕೆಸರಲ್ಲೂ ಒಮ್ಮೆಯೂ ಹೂತುಕೊಂಡವಳಲ್ಲ. ಆಥಲ್ ಅದೇ ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಆಸ್ಟ್ರೇಲಿಯದಲ್ಲಿ ಅವನು ಕಂಡ ಹಕ್ಕಿಗಳ ಜಾತಿ ಐನೂರ ತೊಂಬತ್ತೊಂಬತ್ತು. ಆರುನೂರನೆಯದು ಮರಳುದಿಬ್ಬದ ಹುಲ್ಲುಗುಬ್ಬಿಯೇ ಆಗಬೇಕೆಂದು ಹಟ ಹಿಡಿದಿದ್ದ. ಅದು ಬೆರಳುದ್ದದ ದೇಹ, ಅಷ್ಟೇ ಉದ್ದದ ಬಾಲದ ಕಂದು ಹಕ್ಕಿ. ದಿಬ್ಬದ ನೆತ್ತಿಯ ಜೊಂಡುಹುಲ್ಲಿನ ಬುಡದಿಂದ ಬುಡಕ್ಕೆ ಇಲಿಯಂತೆ ಓಡುತ್ತದೆ. ಬರದಲ್ಲಿ ಸಿಗುವುದೇ ಇಲ್ಲ, ಒಳ್ಳೆ ಮಳೆಯಾದರೆ ಸಾವಿರಾರು. ಆಥಲ್ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಹಕ್ಕಿ ಕಾಣದೆ, ಬಿಸಿಲಿಗೆ ಮೂಗು ಸುಟ್ಟುಕೊಂಡು ಬಂದಿದ್ದ. ಈ ಸಲ ನೋಡಿಯೇ ಬರುತ್ತೇನೆ ಎಂದು ಹಕ್ಕಿ ಕ್ಲಬ್ಬಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದ.

ನನ್ನ ಅಕ್ಕ ನೋರೀನ್‌ಗೆ ಹಕ್ಕಿಗಳೆಂದರೆ ಎರಡೇ ಜಾತಿ: ತಿನ್ನುವಂಥವು, ತಿನ್ನಬಾರದಂಥವು. ಅವಳು ಹೆಣಿಗೆ ಚೀಲ, ಮಡಚುವ ಕುರ್ಚಿ, ನಾಲ್ಕು ಡಬ್ಬ ಬಿಸ್ಕತ್ತು ಹಿಡಿದು ಹೊರಟಳು. ತಲೆಯ ಮೇಲೆ ಗುಲಾಬಿ ಬಣ್ಣದ ದೊಡ್ಡ ಟೋಪಿ.

"ಆ ಟೋಪಿ ಎರಡು ಮೈಲಿಯಿಂದ ಕಾಣುತ್ತೆ," ಎಂದ ಆಥಲ್.

"ಒಳ್ಳೇದಾಯ್ತು. ನೀನು ದಾರಿ ತಪ್ಪಿದ್ರೆ ವಾಪಸ್ ಬರೋಕೆ ಅನುಕೂಲ."

ಮೂರು ದಿನ ಓಡಿಸಿ ದಿಬ್ಬಗಳ ಸೀಮೆ ಸೇರಿದೆವು. ಕೆಂಪು ಮರಳಿನ ಮೇಲೆ ಹಳದಿ, ಬಿಳಿ, ನೇರಳೆ ಹೂ. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ನೀರು ನಿಂತಿತ್ತು. ಸಮುದ್ರದಿಂದ ಎಷ್ಟೋ ನೂರು ಮೈಲಿ ಒಳಗೆ ಪೆಲಿಕನ್‌ಗಳು ಈಜುತ್ತಿದ್ದವು. ಬಡ್ಜಿ ಗಿಣಿಗಳು ಹಸಿರು ಬಟ್ಟೆ ಒದರಿದಂತೆ ತಲೆಯ ಮೇಲೆ ತಿರುಗುತ್ತಿದ್ದವು. ನೊಣಗಳಂತೂ ಬಾಯಿ ತೆರೆಯುವುದನ್ನೇ ಕಾದಿದ್ದವು.

ಆಥಲ್ ನಮಗೆ ತನ್ನ ಕಾನೂನು ಓದಿ ಹೇಳಿದ. ಮಾತಾಡಬಾರದು. ಕೆಮ್ಮಬಾರದು. ಬಿಸ್ಕತ್ತಿನ ಕಾಗದ ಸರಬರ ಅನ್ನಿಸಬಾರದು. ದಿಬ್ಬ ಹತ್ತುವಾಗ ಮೊಣಕಾಲಿನ ಮೇಲೆ ಹತ್ತಬೇಕು.

"ನನ್ನ ಮೊಣಕಾಲಿಗೆ ಎಪ್ಪತ್ತೊಂದು ವರ್ಷ. ಅದು ಕಾನೂನು ಕೇಳೋ ವಯಸ್ಸು ದಾಟಿದೆ," ಎಂದು ನೋರೀನ್ ಕೆಳಗೇ ಕುರ್ಚಿ ಹಾಕಿದಳು. ನಾನು ಮತ್ತು ಆಥಲ್ ತೆವಳಿದೆವು. ಎರಡು ಗಂಟೆ ತೆವಳಿ ಕಂಡದ್ದು ಒಂದು ಹಲ್ಲಿ. ಅದೂ ನಮ್ಮನ್ನು ನೋಡಿ ಬೇಸರದಿಂದ ಹೊರಟುಹೋಯಿತು.

ಕೆಳಗಿಳಿದಾಗ ನೋರೀನ್ ಸೂಜಿಯಿಂದ ತಲೆಯೆತ್ತದೆ ಹೇಳಿದಳು: "ಒಂದು ಪುಟ್ಟದು ಬಂದಿತ್ತು. ನನ್ನ ಶೂ ಮೇಲೆ ಹತ್ತಿ ಇಳೀತು."

"ಇಲಿ," ಎಂದ ಆಥಲ್.

"ಇಲಿ ಹಾಡ್ತಾವಾ?"

ಆಥಲ್‌ನ ಮುಖ ಬಿಳಿಚಿತು. "ಹಾಡ್ತಾ? ಹೇಗೆ ಹಾಡ್ತು? ಬಾಲ ಎಷ್ಟುದ್ದ? ಬೆನ್ನಲ್ಲಿ ಬಿಳಿ ಗೀಟಿತ್ತಾ? ಹೊಟ್ಟೆ ಯಾವ ಬಣ್ಣ?"

"ಗುರುತು ಪರಿಚಯ ಇಲ್ಲದೋರ ಹೊಟ್ಟೆ ನಾನ್ಯಾಕೆ ನೋಡ್ಲಿ?"

ಮಾರನೆಯ ದಿನ ಆಥಲ್ ತಾನೇ ಆ ಕುರ್ಚಿಯಲ್ಲಿ, ಅದೇ ಜಾಗದಲ್ಲಿ ಕೂತ. ಅರ್ಧ ದಿನ ಕಳೆದ ಮೇಲೆ ಗುಲಾಬಿ ಟೋಪಿಯನ್ನೂ ಕೇಳಿ ಹಾಕಿಕೊಂಡ. ಹಕ್ಕಿಗೆ ಟೋಪಿಯ ಮೇಲೆ ನಂಬಿಕೆ ಇದ್ದೀತು ಎಂದು ನಮಗೆ ವಿವರಿಸಿದ. ನಗು ತಡೆಯಲಾರದೆ ನಾವಿಬ್ಬರೂ ದಿಬ್ಬದ ಆಚೆ ಹೋದೆವು. ಅಲ್ಲಿ ನೋರೀನ್ ಹುಲ್ಲಿನ ಮರೆಯಲ್ಲಿ ಒಂದಕ್ಕೆ ಕೂತಾಗ ನಾಲ್ಕು ಹುಲ್ಲುಗುಬ್ಬಿ ಅವಳ ಸುತ್ತ ಓಡಾಡಿದವು.

"ಕರೀಬೇಕಿತ್ತು!" ಎಂದು, ನಾವು ವಾಪಸ್ ಬಂದು ಹೇಳಿದಾಗ, ಆಥಲ್ ಕಿರುಚಿದ.

"ಆ ಸ್ಥಿತಿಯಲ್ಲಾ?"

ಆ ಕೋಪದಲ್ಲೇ ಅವನು ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಂಡು, ಬೇರೆ ದಿಬ್ಬಕ್ಕೆ ಹೋಗೋಣ ಎಂದು ತಾನೇ ಗಾಡಿ ಹೊರಡಿಸಿದ. ಒಣಗಿದಂತೆ ಕಾಣುವ ಜೇಡಿನೆಲವನ್ನು ಸುತ್ತಿ ಹೋಗು ಎಂದು ನಾನು ಬಡಿದುಕೊಂಡೆ. ಅವನು ನಡುವೆಯೇ ಹೋದ. ಮೇಲಿನ ಹಪ್ಪಳದಂಥ ಪದರ ಒಡೆದು ಗಾಡಿ ಬಾಗಿಲಿನ ತನಕ ಕುಳಿತುಬಿಟ್ಟಿತು. ನಾವು ನೀರು ಮತ್ತು ಹೆಣಿಗೆ ಚೀಲ ಹೊತ್ತು ಎರಡು ಗಂಟೆ ನಡೆದು ಹತ್ತಿರದ ದನದ ಫಾರ್ಮ್ ಮುಟ್ಟಿದೆವು.

ಆ ಫಾರ್ಮಿನ ಯಜಮಾನಿ ಡಲ್ಸಿ ಕ್ವಿರ್ಕ್. ಗಂಡ ತೀರಿಕೊಂಡಿದ್ದ. ಒಬ್ಬಳೇ ಒಂದು ಜಿಲ್ಲೆಯಷ್ಟು ಜಮೀನು ನೋಡಿಕೊಳ್ಳುತ್ತಿದ್ದಳು. ನಮ್ಮನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಜೇಡಿನೆಲದ ಮಧ್ಯ ಹೋದ್ರಾ?"

"ಹೋದ್ವಿ," ಎಂದೆ.

"ಯಾರು ಓಡಿಸ್ತಿದ್ದಿದ್ದು?"

ನಾವಿಬ್ಬರೂ ಆಥಲ್‌ನ ಕಡೆ ನೋಡಿದೆವು. ಅವನು ನೊಣ ಓಡಿಸುತ್ತಿದ್ದ.

ಮೇಲಿನ ಸೀಮೆಯ ನೀರು ಬಂದು ಹಳ್ಳ ಏರಿದ್ದರಿಂದ ರಸ್ತೆ ಮುಚ್ಚಿತ್ತು. ನೆಲ ಒಣಗುವವರೆಗೆ ಟ್ರ್ಯಾಕ್ಟರೂ ಹೋಗುವಂತಿರಲಿಲ್ಲ. ಡಲ್ಸಿ ಮೂರು ಹೊತ್ತೂ ದನದ ಮಾಂಸ, ಡಬ್ಬದ ಬೀಟ್‌ರೂಟು ಹಾಕಿದಳು. ಬದಲಿಗೆ ನನ್ನಿಂದ ಪಂಪು ರಿಪೇರಿ ಮಾಡಿಸಿದಳು, ಆಥಲ್‌ನಿಂದ ಕೋಳಿಗೂಡು ತೊಳೆಸಿದಳು. ಬಿಡುವಾದಾಗಲೆಲ್ಲ ಅವನು ಮನೆಯ ಹಿಂದಿನ ದಿಬ್ಬಕ್ಕೆ ತೆವಳುತ್ತಿದ್ದ. ಐದನೆಯ ದಿನ ಮಧ್ಯಾಹ್ನ ಬಂದು ದುರ್ಬೀನನ್ನು ಮೇಜಿನ ಮೇಲಿಟ್ಟ.

"ಸಾಕು. ಇನ್ನು ಹೋಗಲ್ಲ."

ಅವನ ದನಿ ಕೇಳಿ ನೋರೀನ್‌ಗೆ ಮರುಕ ಬಂತು. "ಬರ್ಕೊಂಡ್ಬಿಡು ಆಥಲ್. ನಾನು ನೋಡಿದ್ದೀನಲ್ಲ. ನಲವತ್ತಾರು ವರ್ಷದಿಂದ ನಂದೆಲ್ಲ ಅರ್ಧ ನಿಂದೇ."

"ಅರ್ಧ ಹಕ್ಕಿ ಬರೆಯೋಕಾಗುತ್ತಾ?"

"ಐದು ನೋಡಿದ್ದೀನಿ. ಅರ್ಧ ಅಂದ್ರೆ ಎರಡೂವರೆ."

"ನೋಡದ್ದನ್ನ ನಾನು ಬರೆಯಲ್ಲ, ನೋರೀನ್." ಅವನು ಎದ್ದು ಕೋಳಿಗೂಡಿಗೆ ಹೋದ. ಒಮ್ಮೆ ತೊಳೆದದ್ದನ್ನೇ ಮತ್ತೆ ತೊಳೆದ. ಅವನ ಹಟ ನೋಡಿ ನಾನು ಎಷ್ಟೋ ವರ್ಷ ನಕ್ಕಿದ್ದೆ. ಅವತ್ತು ನಗು ಬರಲಿಲ್ಲ.

ಅಷ್ಟರಲ್ಲಿ ನೋರೀನ್‌ಳ ಉಣ್ಣೆ ಮುಗಿದಿತ್ತು. ಡಲ್ಸಿ ಗಂಡನ ಹಳೆಯ ಸ್ವೆಟರ್ ಒಂದನ್ನು ತಂದು, "ಬಿಚ್ಚಿ ಉಪಯೋಗಿಸ್ಕೊ, ಹುಳಕ್ಕೆ ಹಾಕೋದಕ್ಕಿಂತ ವಾಸಿ," ಎಂದಳು. ಬಿಚ್ಚಿ ತೊಳೆದು ಒಣಗಿಸಿದ್ದೂ ಆಯಿತು. ಉಂಡೆ ಸುತ್ತುವಾಗ ಲಡಿ ಹಿಡಿಯಲು ಇನ್ನೆರಡು ಕೈ ಬೇಕು. ಅವತ್ತು ಶನಿವಾರ, ಡಲ್ಸಿ ರೇಡಿಯೋದಲ್ಲಿ ಕುದುರೆ ಪಂದ್ಯ ಇಟ್ಟು ಕುದುರೆಗಳಿಗಿಂತ ಜೋರಾಗಿ ಕೂಗುತ್ತಿದ್ದಳು. ಮನೆಯೊಳಗೆ ಕೂರುವಂತಿರಲಿಲ್ಲ. ನೋರೀನ್ ಗಂಡನ ತೋಳು ಹಿಡಿದು ಹಿಂದಿನ ದಿಬ್ಬಕ್ಕೆ ಎಳೆದುಕೊಂಡು ಹೋದಳು. ನಾನು ಚಹಾದ ಫ್ಲಾಸ್ಕ್, ಬಿಸ್ಕತ್ತು ಹಿಡಿದು ಹಿಂದೆ ಹೋದೆ.

"ಇಲ್ಲಿ ಕೂತ್ಕೊ. ಎರಡೂ ಕೈ ಮುಂದೆ. ಹಾಗೆ. ಅಲುಗಾಡಬೇಡ."

ಆಥಲ್ ಮರಳಲ್ಲಿ ಕಾಲು ಚಾಚಿ, ಕೈ ಚಾಚಿ ಕೂತ. ಬೂದು ಉಣ್ಣೆ ಎರಡು ಮುಂಗೈ ಸುತ್ತ ಸುತ್ತಿಕೊಂಡಿತ್ತು, ಕೋಳ ಹಾಕಿದ ಕಳ್ಳನ ಹಾಗೆ. ದುರ್ಬೀನು ಮನೆಯಲ್ಲಿತ್ತು. ನೋರೀನ್ ಉಂಡೆ ಸುತ್ತುತ್ತ, ಡಲ್ಸಿಯ ಬೀಟ್‌ರೂಟು, ನನ್ನ ಹಲ್ಲು, ಮಗಳ ಹೊಸ ಅಡುಗೆಮನೆ, ಎಲ್ಲದರ ಬಗ್ಗೆಯೂ ನಿಲ್ಲದೆ ಮಾತಾಡಿದಳು. ನಾನು ಬಿಸ್ಕತ್ತಿನ ಕಾಗದ ಸರಬರ ಅನ್ನಿಸಿದೆ.

ಜೊಂಡಿನ ಬುಡದಿಂದ ಅದು ಬಂತು. ನಿಂತು ನೋಡಿತು. ಬಾಲ ನೆಟ್ಟಗೆ ಎತ್ತಿತು. ಎರಡು ಕುಪ್ಪಳಿಕೆಯಲ್ಲಿ ಆಥಲ್‌ನ ಬೂಟಿನ ತುದಿಗೆ ಹತ್ತಿತು. ಅಲ್ಲಿಂದ ಮೊಣಕಾಲಿಗೆ.

ಆಥಲ್ ಉಸಿರು ಬಿಡಲಿಲ್ಲ. ಸರಿಯಾಗಿ ಆಗಲೇ ಒಂದು ನೊಣ ಅವನ ಮೂಗಿನ ಹೊಳ್ಳೆಯಲ್ಲಿ ಮನೆ ನೋಡತೊಡಗಿತು. ಕೈ ಎತ್ತುವಂತಿಲ್ಲ, ಸೀನುವಂತಿಲ್ಲ. ಮುಖ ಕೆಂಪಾಗಿ ನೇರಳೆಯಾಯಿತು.

"ನೋರೀನ್," ಎಂದ, ತುಟಿ ಅಲುಗಿಸದೆ.

"ನಿನ್ನದೇ ಕಾನೂನು. ಮಾತಾಡಬಾರದು," ಎಂದಳು ಅವಳು ಪಿಸುದನಿಯಲ್ಲಿ.

ಹಕ್ಕಿ ನೇತಾಡುತ್ತಿದ್ದ ಒಂದು ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ಎಳೆಯಿತು. ಬರಲಿಲ್ಲ. ಕಾಲು ಊರಿ ಮತ್ತೆ ಎಳೆಯಿತು. ಕೊನೆಗೆ ಒಂದು ಚೂರು ಕಿತ್ತುಕೊಂಡು, ಅವನ ತೊಡೆಯ ಮೇಲೆ ನಿಂತು ಸಣ್ಣಗೆ ಎರಡು ಸಲ ಹಾಡಿ, ಇಳಿದು ಓಡಿತು.

ಆಥಲ್ ಸೀನಿದ. ದಿಬ್ಬದಿಂದ ಬಡ್ಜಿಗಳೆಲ್ಲ ಎದ್ದುಹೋಗುವಂಥ ಸೀನು. ಆಮೇಲೆ ಅವನ ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಲು ಕೈ ಬಿಡುವಿರಲಿಲ್ಲ. ನೋರೀನ್ ತನ್ನ ಕರವಸ್ತ್ರದಿಂದ ಒರೆಸಿದಳು, ಮೂಗನ್ನೂ.

"ಇನ್ನೂ ಅರ್ಧ ಲಡಿ ಇದೆ. ಕೈ ಇಳಿಸಬೇಡ," ಎಂದಳು. ಅವನು ಇಳಿಸಲಿಲ್ಲ.

ನಾಲ್ಕು ದಿನದ ಮೇಲೆ ಹಳ್ಳ ಇಳಿದು ನೆಲ ಗಟ್ಟಿಯಾಯಿತು. ಡಲ್ಸಿ ಟ್ರ್ಯಾಕ್ಟರ್ ತಂದು ಗಾಡಿಗೆ ಸರಪಳಿ ಕಟ್ಟಲು ಬಗ್ಗಿದಳು.

"ಒಂದು ನಿಮಿಷ!" ಎಂದು ಆಥಲ್ ಓಡಿಬಂದ. ಗಾಡಿಯ ಮುಂದಿನ ಜಾಲರಿಯೊಳಗೆ, ರೇಡಿಯೇಟರಿನ ಮುಂದೆ, ಒಣಹುಲ್ಲಿನ ದೊಡ್ಡ ಮುದ್ದೆ. ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಗಳ ಗೂಡು. ಒಳಗೆ ಐದು ಬಿಳಿ ಮೊಟ್ಟೆ.

"ಇವನ್ನ ಅಲುಗಿಸೋ ಹಾಗಿಲ್ಲ."

ಡಲ್ಸಿ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯಾ ಮಹರಾಯ, ಇಂಥವು ನನ್ನ ನೀರಿನ ತೊಟ್ಟಿ ಹತ್ರ ಹತ್ತು ಸಾವಿರ ಇವೆ!"

"ಅವು ನನ್ನ ಗಾಡೀಲಿ ಇಲ್ಲ."

"ಮರಿ ಹಾರೋಕೆ ಎಷ್ಟು ದಿನ?"

"ಒಂದು ತಿಂಗಳು. ಹೆಚ್ಚಂದ್ರೆ ಐದು ವಾರ."

ನಾನು ನೋರೀನ್‌ಳ ಮುಖ ನೋಡಿದೆ. ಗಂಡನಿಗೆ ನಾಲ್ಕು ಮಾತು ಬಿಗಿಯುತ್ತಾಳೆ ಅಂದುಕೊಂಡೆ. ಅವಳು ಬಗ್ಗಿ ಗೂಡಿನೊಳಗೆ ತುಂಬ ಹೊತ್ತು ನೋಡಿದಳು. ಆಮೇಲೆ ಕುರ್ಚಿ ಬಿಡಿಸಿ ಗಾಡಿಯ ಎದುರು ಹಾಕಿದಳು.

"ಡಲ್ಸಿ, ನಿಮ್ಮ ಹತ್ರ ಇನ್ನೊಂದು ಹಳೇ ಸ್ವೆಟರ್ ಇದ್ಯಾ?"

ಮರುದಿನ ಟಪಾಲಿನ ಲಾರಿ ಹತ್ತಿ ನಾನೊಬ್ಬಳೇ ಹೊರಟೆ. ನನ್ನ ಹಲ್ಲು ಅಷ್ಟರಲ್ಲಿ ನಿಜವಾಗಿಯೂ ನೋಯತೊಡಗಿತ್ತು. ಐದು ವಾರದ ಮೇಲೆ ಅಕ್ಕ ಫೋನ್ ಮಾಡಿದಳು. ಹಿಂದಿನಿಂದ ಆಥಲ್ ಏನೋ ಕೂಗುತ್ತಿದ್ದ, ಡಲ್ಸಿ ಅವನಿಗಿಂತ ಜೋರಾಗಿ ಕೂಗುತ್ತಿದ್ದಳು.

"ಮೆರ್ಲ್, ಐದೂ ಹಾರಿಹೋದ್ವು!" ಎಂದಳು ನೋರೀನ್. "ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ. ಬರುವಾಗ ಒಂದು ಬ್ಯಾಟರಿ ತಗೊಂಡು ಬಾ. ಹಾಗೇ ನನಗೂ ಒಂದು ದುರ್ಬೀನು."