ಖಾಲಿ ಬಾಟಲಿಯ ಒಗನೆಸಾನ್

ಯರಗುಪ್ಪಿ ಹೈಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದವರು ಧಾರವಾಡದ ಸ್ಪರ್ಧೆಗೆ ಹೋಗುವವರಿದ್ದರು. ರೋಹಿಣಿಗೆ ಹೋಗಲೇಬೇಕಿತ್ತು. ಆದರೆ ವಾರವಿಡೀ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿದವಳ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅವ್ವನ ಉಪ್ಪಿನಕಾಯಿ ಬಾಟಲಿ ತೊಳೆದು, ‘ಒಗನೆಸಾನ್: ಎಲ್ಲಕ್ಕಿಂತ ಭಾರದ ಮೂಲವಸ್ತು’ ಎಂದು ಚೀಟಿ ಅಂಟಿಸಿ, ಮೇಜಿನ ಮೇಲಿಟ್ಟು ಗಂಭೀರವಾಗಿ ನಿಂತಳು.

ಅಂಕ ಹಾಕಲು ಕುಂದಗೋಳದಿಂದ ಬಂದಿದ್ದ ಹುಲಿಗೇಶ ಮಾಸ್ತರು ಬಾಟಲಿಯೊಳಗೆ ಇಣುಕಿದರು, ಮೂಸಿಯೂ ನೋಡಿದರು.

“ಎಲ್ಲೈತಿ?”

“ಹೋತ್ರಿ ಸರ್. ಹುಟ್ಟಿ ಕಣ್ಣು ಪಿಳಕಿಸೂದ್ರಾಗ ಒಡದು ಹೋಗತೈತಿ.”

“ಹಂಗಾರ ಇನ್ನೊಂದು ಮಾಡಿ ತೋರಸು.”

“ಕ್ಯಾಲಿಫೋರ್ನಿಯಂ ಅನ್ನೂ ಮೂಲವಸ್ತುವಿಗೆ ಕ್ಯಾಲ್ಸಿಯಂ ಕಣ ತಿಂಗಳಗಟ್ಟಲೆ ಹೊಡೀಬೇಕ್ರಿ. ಕ್ಯಾಲ್ಸಿಯಂ ನಮ್ಮಜ್ಜಿ ಸುಣ್ಣದ ಡಬ್ಬ್ಯಾಗ ಐತಿ. ಕ್ಯಾಲಿಫೋರ್ನಿಯಂ ನೀವು ಕೊಡಸ್ರಿ.”

ಮಾಸ್ತರು ನಗಲಿಲ್ಲ. “ಯಾರೂ ಕಣ್ಣಿಲೆ ನೋಡಲಾರದ್ದು ಇತ್ತು ಅಂತ ಹೆಂಗ ನಂಬಬೇಕವಾ? ಅಂಕ ಇಲ್ಲ” ಎಂದು ಮುಂದಿನ ಮೇಜಿನ ಕಡೆ ತಿರುಗಿದರು.

ಧಾರವಾಡ ಕೈತಪ್ಪುತ್ತಿರುವುದು ರೋಹಿಣಿಗೆ ಗೊತ್ತಾಯಿತು.

“ಅದು ಒಡದಾಗ ಚೂರು ಬಿಟ್ಟು ಹೋಗತೈತ್ರಿ. ಆ ಚೂರು ಹಿಡದು, ಮೊದಲ ಏನಿತ್ತು ಅಂತ ವಿಜ್ಞಾನಿಗಳು ಪತ್ತೆ ಮಾಡ್ಯಾರ. ಈಗ ನೀವು ಗಿರಮಿಟ್ ತಿಂದದ್ದು ನಾವ್ಯಾರೂ ನೋಡಿಲ್ರಿ.”

“ನಾ ಎಲ್ಲಿ ತಿಂದೆ? ಮೀಟಿಂಗಿನ್ಯಾಗ ಇದ್ದೆ.”

“ಹೌದ್ರಿ, ಹೆಡ್ ಮಾಸ್ತರೂ ಹಂಗ ಹೇಳಿ ನಮ್ಮನ್ನ ಬಿಸಲಾಗ ನಿಲ್ಲಿಸಿದ್ರು. ಆದ್ರ ಮೀಸ್ಯಾಗ ಗಿರಮಿಟ್ಟಿನ ಚುರುಮುರಿ ಐತ್ರಿ.”

ಪಕ್ಕದ ಮೇಜಿನ ಹುಡುಗರು ಕಿಸಕ್ಕೆಂದರು. ಮಾಸ್ತರು ಮೀಸೆ ಒರೆಸಿಕೊಂಡು, ಬೆರಳಿಗೆ ಅಂಟಿದ್ದನ್ನು ಸ್ವಲ್ಪ ಹೊತ್ತು ನೋಡಿ, ಅಂಕ ಬರೆದರು.

“ಧಾರವಾಡಕ್ಕ ಬಾ. ಅಲ್ಲಿ ಬ್ಯಾರೆ ಉದಾಹರಣಿ ಕೊಡು.”